ಹಸುವಿನ ಹಾಲು ಶುರು ಮಾಡಿದ ಮೇಲೆ ಬಾಯಿ ಸುತ್ತ ಕೆಂಪು, ಗಟ್ಟಿ ಮಲ: ಇದು ಅಲರ್ಜಿಯೇ?

ಪ್ರಶ್ನೆ: ನನ್ನ ಮಗಳಿಗೆ 13 ತಿಂಗಳು. ಬೆಳಿಗ್ಗೆ ಮತ್ತು ರಾತ್ರಿ ಎದೆಹಾಲು ಕುಡಿಯುತ್ತಾಳೆ. ನಾನು ಕೆಲಸಕ್ಕೆ ಮರಳಿದ ಮೇಲೆ, ಅಂದರೆ ಏಳನೇ ತಿಂಗಳಿಂದ, ಹಗಲಲ್ಲಿ ಡಬ್ಬಿಯ ಫಾರ್ಮುಲಾ ಕೊಡುತ್ತಿದ್ದೆವು. ಹತ್ತು ದಿನದ ಹಿಂದೆ ಅದನ್ನು ನಿಲ್ಲಿಸಿ ಹಸುವಿನ ಹಾಲು ಶುರು ಮಾಡಿದೆವು. ದಿನಕ್ಕೆ ಮೂರು ಬಾಟಲಿ, ಒಟ್ಟು 750 ಮಿ.ಲೀ. ಕುಡಿಯುತ್ತಾಳೆ. ಈಗ ಹಾಲು ಕುಡಿದ ಮೇಲೆ ಬಾಯಿ ಸುತ್ತ ಕೆಂಪಾಗುತ್ತದೆ. ಮಲ ಗಟ್ಟಿಯಾಗಿ, ಮುಕ್ಕಿ ಮುಕ್ಕಿ ಅಳುತ್ತಾಳೆ. ಒಂದು ಸಲ ಪೂರ್ತಿ ವಾಂತಿ ಮಾಡಿಕೊಂಡಳು. ಮೂಗೂ ಸೋರುತ್ತಿದೆ. ಊಟ ಮೊದಲಿಗಿಂತ ಕಡಿಮೆಯಾಗಿದೆ. ನಮ್ಮ ಅತ್ತೆ ಹಾಲಿಗೆ ನೀರು ಬೆರೆಸು ಅನ್ನುತ್ತಾರೆ. ತಂಗಿ ಲ್ಯಾಕ್ಟೋಸ್ ಆಗುತ್ತಿಲ್ಲ, ಲ್ಯಾಕ್ಟೋಸ್ ಇಲ್ಲದ ಹಾಲು ತಾ ಅನ್ನುತ್ತಾಳೆ. ಹಾಲು ನಿಲ್ಲಿಸಿಬಿಡಬೇಕೆ? ಅಲರ್ಜಿ ಪರೀಕ್ಷೆ ಮಾಡಿಸಬೇಕೆ?

ಉತ್ತರ: ಹಾಲು ನಿಲ್ಲಿಸಬೇಡಿ, ಅಳತೆ ಇಳಿಸಿ. ಪರೀಕ್ಷೆಗೆ ಈಗಲೇ ಓಡುವ ಅಗತ್ಯವೂ ಇಲ್ಲ. ನೀವು ಬರೆದಿರುವುದನ್ನೆಲ್ಲ ನೋಡಿದರೆ ನಿಮ್ಮ ಮಗಳಿಗೆ ಹಾಲಿನ ಅಲರ್ಜಿ ಇರುವ ಸಾಧ್ಯತೆ ತೀರಾ ಕಡಿಮೆ. ಹಾಗೆ ಹೇಳುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ಅದನ್ನು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ಅಷ್ಟೇ.

ಆ ಡಬ್ಬಿಯನ್ನು ಇನ್ನೂ ಎಸೆದಿಲ್ಲದಿದ್ದರೆ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯ ಮೊದಲ ಸಾಲುಗಳಲ್ಲೇ ಕೆನೆ ತೆಗೆದ ಹಾಲಿನ ಪುಡಿ ಅಥವಾ ವೇ ಪ್ರೋಟೀನ್ (ಹಾಲು ಒಡೆದಾಗ ಬೇರಾಗುವ ನೀರಿನಲ್ಲಿರುವ ಪ್ರೋಟೀನ್) ಅಂತ ಇರುತ್ತದೆ. ಸಾಮಾನ್ಯ ಫಾರ್ಮುಲಾ ತಯಾರಾಗುವುದೇ ಹಸುವಿನ ಹಾಲಿನಿಂದ. ಅಂದರೆ ನಿಮ್ಮ ಮಗಳು ಆರು ತಿಂಗಳಿಂದ ದಿನಾ ಹಸುವಿನ ಹಾಲಿನ ಪ್ರೋಟೀನ್ ಕುಡಿಯುತ್ತಲೇ ಇದ್ದಾಳೆ, ಮೈಗೆ ಏನೂ ಆಗಿಲ್ಲ. ಅಲರ್ಜಿ ಆಗುವುದು ಪ್ರೋಟೀನ್‌ಗೆ. ಪುಡಿಯಲ್ಲಿದ್ದಾಗ ಒಗ್ಗಿದ ಪ್ರೋಟೀನ್ ಹಾಲಿನಲ್ಲಿ ಬಂದಾಗ ಒಗ್ಗದೆ ಹೋಗುವುದು ಬಹಳ ಅಪರೂಪ. ಡಬ್ಬಿ ಸೋಯಾದ್ದಾಗಿದ್ದರೆ, ಅಥವಾ ಪ್ರೋಟೀನನ್ನು ಮೊದಲೇ ಚೂರು ಚೂರು ಮಾಡಿದ 'ಹೈಡ್ರೊಲೈಸ್ಡ್' ಬಗೆಯದಾಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಆಗ ಹಸುವಿನ ಹಾಲು ಅವಳಿಗೆ ನಿಜಕ್ಕೂ ಹೊಸದು, ಲೆಕ್ಕ ಮೊದಲಿಂದ ಹಾಕಬೇಕು. ಮೊಸರು, ಚೀಸ್ ತಿನ್ನುವ ಮಗುವಿಗೂ ಇದೇ ತರ್ಕ: ಮೊಸರು ಒಗ್ಗಿದರೆ ಹಾಲಿನ ಅಲರ್ಜಿಯ ಅನುಮಾನ ಬಹುಮಟ್ಟಿಗೆ ಬಿಡಬಹುದು.

ಇನ್ನು ಒಂದೊಂದೇ ತೊಂದರೆಗೆ ಬರೋಣ. ಮನೆಯಲ್ಲಿ ಎಲ್ಲರೂ ಕೇಳುವುದು 'ಏನಾಯಿತು' ಅಂತ. ನಾನು ಅದಕ್ಕಿಂತ ಮುಂಚೆ ಕೇಳುವುದು 'ಕುಡಿದು ಎಷ್ಟು ಹೊತ್ತಿಗೆ ಆಯಿತು' ಅಂತ. ಹಾಲಿನ ವಿಷಯದಲ್ಲಿ ಗಡಿಯಾರ ಹೇಳುವಷ್ಟು ಸುದ್ದಿಯನ್ನು ರಕ್ತಪರೀಕ್ಷೆಯೂ ಹೇಳುವುದಿಲ್ಲ.

ಮೊದಲು, ನಿಜವಾದ ಅಲರ್ಜಿ ಹೇಗಿರುತ್ತದೆ ಅನ್ನುವುದು ತಿಳಿದಿರಲಿ. ಮೊದಲ ವರ್ಷದಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇದು ಕಾಣಿಸುತ್ತದೆ ಅನ್ನುವುದು ವಾಡಿಕೆಯ ಲೆಕ್ಕ. ವೈದ್ಯರ ಎದುರು ಹಾಲು ಕುಡಿಸಿ ಖಚಿತಪಡಿಸಿಕೊಂಡ ಅಧ್ಯಯನಗಳಲ್ಲಿ ಈ ಸಂಖ್ಯೆ ಇನ್ನೂ ಇಳಿಯುತ್ತದೆ. ಇದರಲ್ಲಿ ಎರಡು ಬಗೆ. ಒಂದು ತಕ್ಷಣದ್ದು. ಹಾಲು ಹೊಟ್ಟೆಗೆ ಹೋದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತಗಂಧೆ ಏಳುತ್ತದೆ, ಸೊಳ್ಳೆ ಕಚ್ಚಿದ ಹಾಗೆ ಉಬ್ಬಿಕೊಂಡು ತುರಿಸುತ್ತದೆ. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುವುದು ಇದರ ಗುರುತು. ತುಟಿ, ಕಣ್ಣಿನ ರೆಪ್ಪೆ ಊದಬಹುದು, ವಾಂತಿಯಾಗಬಹುದು. ಇಷ್ಟೇ ಆಗಿ ನಿಂತರೆ ಹಾಲು ನಿಲ್ಲಿಸಿ, ಅದೇ ದಿನ ವೈದ್ಯರಿಗೆ ತೋರಿಸಿ.

ಆದರೆ ಉಸಿರು ಗುಯ್‌ಗುಟ್ಟಿದರೆ, ಬಿಡದೆ ಕೆಮ್ಮಿದರೆ, ಅಳುವ ದನಿ ಒಡೆದು ಗೊಗ್ಗರಾದರೆ, ನಾಲಿಗೆ ಊದಿದರೆ, ಮಗು ಬಿಳಿಚಿಕೊಂಡು ಸಪ್ಪಗೆ ಕುಸಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಉಗ್ರ ಅಲರ್ಜಿ. ಅದಕ್ಕೆ ಔಷಧಿ ಒಂದೇ: ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಗೆ ಕೊಡುವ ಸಿರಪ್ ಗಂಧೆಯನ್ನು ಇಳಿಸುತ್ತದೆ, ಉಸಿರಿನ ದಾರಿಯನ್ನು ಬಿಡಿಸುವುದಿಲ್ಲ. ಸಿರಪ್ ಕೊಟ್ಟು ಅರ್ಧ ಗಂಟೆ ನೋಡೋಣ ಅಂತ ಕಾಯುವುದೇ ಇಲ್ಲಿ ಆಗುವ ದೊಡ್ಡ ಅನಾಹುತ. ಮಗುವನ್ನು ಮಲಗಿಸಿಯೇ ಇಡಿ. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಒರಗಿಸಿ ಕೂರಿಸಿಕೊಳ್ಳಿ. ಎತ್ತಿ ನಿಲ್ಲಿಸಬೇಡಿ, ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಓಡಬೇಡಿ. ಆಂಬ್ಯುಲೆನ್ಸ್ ಕರೆಸಿ. ಚುಚ್ಚುಮದ್ದಿನ ನಂತರ ಪೂರ್ತಿ ಸರಿಹೋದಂತೆ ಕಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಕೆಲವರಲ್ಲಿ ಅದು ಮತ್ತೊಮ್ಮೆ ಮರುಕಳಿಸುತ್ತದೆ.

ಎರಡನೆಯದು ನಿಧಾನದ್ದು. ಗಂಟೆಗಳು, ಕೆಲವೊಮ್ಮೆ ಎರಡು ಮೂರು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಮಲದಲ್ಲಿ ಲೋಳೆ, ರಕ್ತದ ಗೆರೆ, ವಾರಗಟ್ಟಲೆ ಬಿಡದ ಭೇದಿ, ಮದ್ದು ಹಚ್ಚಿದರೂ ಹತೋಟಿಗೆ ಬಾರದ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ), ತೂಕ ಏರದಿರುವುದು. ಇದರಲ್ಲೇ ಒಂದು ಉಗ್ರ ರೂಪವಿದೆ, ವೈದ್ಯರು ಎಫ್‌ಪಿಐಇಎಸ್ ಅನ್ನುತ್ತಾರೆ. ಹಾಲು ಕುಡಿದು ಒಂದರಿಂದ ನಾಲ್ಕು ಗಂಟೆಯ ನಡುವೆ ಮಗು ಒಂದರ ಹಿಂದೊಂದು ವಾಂತಿ ಮಾಡುತ್ತದೆ, ಬಿಳಿಚಿಕೊಂಡು ಬಟ್ಟೆಯ ಹಾಗೆ ಜೋತುಬೀಳುತ್ತದೆ. ಮೈಮೇಲೆ ಒಂದು ಗಂಧೆಯೂ ಇರುವುದಿಲ್ಲ. ಅದಕ್ಕೇ ಅನೇಕ ಸಲ ಹೊಟ್ಟೆಯ ಸೋಂಕು ಅಂದುಕೊಂಡು ಕಳಿಸಿಬಿಡುತ್ತಾರೆ. ಮುಂದಿನ ಸಲ ಹಾಲು ಕೊಟ್ಟಾಗ ಅಷ್ಟೇ ಹೊತ್ತಿಗೆ ಹಾಗೆಯೇ ಆದಾಗ ಮಾತ್ರ ಗೊತ್ತಾಗುತ್ತದೆ. ಇದಕ್ಕೂ ತುರ್ತು ಚಿಕಿತ್ಸೆ ಬೇಕು, ಮುಖ್ಯವಾಗಿ ನರಕ್ಕೆ ದ್ರವ ಕೊಡಬೇಕಾಗುತ್ತದೆ.

ಈಗ ನಿಮ್ಮ ಮಗಳ ಕೆಂಪನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ಹಾಲು ತಾಗಿದ ಜಾಗದಲ್ಲಿ ಮಾತ್ರ ಇದೆಯೇ? ಉಬ್ಬಿಲ್ಲದೆ ಚಪ್ಪಟೆಯಾಗಿದೆಯೇ? ಅರ್ಧ ಮುಕ್ಕಾಲು ಗಂಟೆಯಲ್ಲಿ ತಾನೇ ಮಾಸುತ್ತದೆಯೇ? ಹೌದಾದರೆ ಅದು ಚರ್ಮದ ಕಿರಿಕಿರಿ. ಹಲ್ಲು ಬರುವ ವಯಸ್ಸು, ಜೊಲ್ಲು ಹರಿದು ಗಲ್ಲ ಸದಾ ಒದ್ದೆ, ಜೊತೆಗೆ ಸೋರುವ ಮೂಗನ್ನು ಗಳಿಗೆಗೊಮ್ಮೆ ಒರೆಸುತ್ತಿದ್ದೀರಿ. ಹಾಗೆ ಸವೆದ ಚರ್ಮಕ್ಕೆ ಏನು ತಾಗಿದರೂ ಕೆಂಪಾಗುತ್ತದೆ. ಹಾಲು ಕೊಡುವ ಮೊದಲು ಬಾಯಿ ಸುತ್ತ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಆಮೇಲೆ ಉಜ್ಜದೆ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೂರು ನಾಲ್ಕು ದಿನದಲ್ಲಿ ವ್ಯತ್ಯಾಸ ಕಾಣಬೇಕು. ಹಾಲು ತಾಗದ ಜಾಗದಲ್ಲಿ, ಹೊಟ್ಟೆ, ಬೆನ್ನು, ಕಿವಿಯ ಹಿಂದೆ ಉಬ್ಬಿದ ಗಂಧೆ ಎದ್ದರೆ ಆಗ ನನ್ನ ಅಭಿಪ್ರಾಯ ಬದಲಾಗುತ್ತದೆ. ಪ್ರತಿ ಸಲವೂ ಫೋಟೋ ತೆಗೆದುಕೊಳ್ಳಿ. ಆಸ್ಪತ್ರೆಗೆ ಬರುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ, ಫೋಟೋದಲ್ಲಿ ಸಮಯವೂ ದಾಖಲಾಗಿರುತ್ತದೆ.

ಒಂದೇ ಒಂದು ವಾಂತಿ, ಅದೂ ನೆಗಡಿ ಇರುವಾಗ. ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 250 ಮಿ.ಲೀ. ಹಾಲು ಒಂದೇ ಉಸಿರಿಗೆ ಕುಡಿದ ಹೊಟ್ಟೆ, ಮೇಲೊಂದು ಕೆಮ್ಮು ಬಂದರೆ ಹೊರಗೆ ಹಾಕುತ್ತದೆ. ಮೂಗು ಸೋರುವುದಕ್ಕೂ ಹಾಲಿಗೂ ಸಂಬಂಧವಿಲ್ಲ. ಹಾಲು ಕಫ ಹೆಚ್ಚಿಸುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ, ಆದರೆ ಪರೀಕ್ಷಿಸಿ ನೋಡಿದಾಗ ಹಾಲಿನಿಂದ ಕಫ ಹೆಚ್ಚು ಉತ್ಪತ್ತಿಯಾಗುವುದು ಕಂಡುಬಂದಿಲ್ಲ. ಹಾಲು ಜೊಲ್ಲಿನ ಜೊತೆ ಬೆರೆತು ಗಂಟಲಲ್ಲಿ ಸ್ವಲ್ಪ ಹೊತ್ತು ಮಂದವಾಗಿ ಅನ್ನಿಸುತ್ತದೆ, ಅಷ್ಟೇ.

ನಿಮ್ಮ ತಂಗಿಯ ಲ್ಯಾಕ್ಟೋಸ್ ವಾದಕ್ಕೆ ಬರೋಣ. ಲ್ಯಾಕ್ಟೋಸ್ ಅನ್ನುವುದು ಹಾಲಿನ ಸಕ್ಕರೆ. ಅದು ಅರಗದಿದ್ದರೆ ಹೊಟ್ಟೆ ಉಬ್ಬರ, ಗ್ಯಾಸ್, ನೀರುನೀರಾದ ಹುಳಿ ವಾಸನೆಯ ಭೇದಿ ಆಗುತ್ತದೆ. ಗಂಧೆ ಏಳುವುದಿಲ್ಲ, ರಕ್ತ ಬರುವುದಿಲ್ಲ. ನಿಮ್ಮ ಮಗಳಿಗೆ ಆಗಿರುವುದು ಇದಕ್ಕೆ ತದ್ವಿರುದ್ಧ, ಮಲ ಗಟ್ಟಿಯಾಗಿದೆ. ಇನ್ನೊಂದು ಮಾತು. ಎದೆಹಾಲಿನಲ್ಲಿ ನೂರು ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಹಸುವಿನ ಹಾಲಿನಲ್ಲಿ 5 ಗ್ರಾಂಗೂ ಸ್ವಲ್ಪ ಕಡಿಮೆ. ಬೆಳಿಗ್ಗೆ ರಾತ್ರಿ ನಿಮ್ಮ ಹಾಲು ಕುಡಿದು ಅರಗಿಸಿಕೊಳ್ಳುವ ಮಗುವಿಗೆ ಅದಕ್ಕಿಂತ ಕಡಿಮೆ ಸಕ್ಕರೆಯ ಹಾಲು ಅರಗುವುದಿಲ್ಲ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ದೊಡ್ಡವರಲ್ಲಿ ಕಾಣುವ ಲ್ಯಾಕ್ಟೋಸ್ ತೊಂದರೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ತೀರಾ ವಿರಳ. ಈ ವಯಸ್ಸಿನಲ್ಲಿ ನಾವು ನೋಡುವುದು ಜೋರು ಭೇದಿಯ ನಂತರ ಬರುವ ತಾತ್ಕಾಲಿಕ ತೊಂದರೆ. ಕರುಳಿನ ಒಳಪದರ ಕೆಟ್ಟಿರುತ್ತದೆ, ಕೆಲವು ವಾರದಲ್ಲಿ ಅದು ಮತ್ತೆ ಬೆಳೆದ ಮೇಲೆ ಸರಿಹೋಗುತ್ತದೆ.

ಇಲ್ಲಿ ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ. ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲಿ ಸಕ್ಕರೆಯನ್ನು ಮಾತ್ರ ಒಡೆದಿರುತ್ತಾರೆ, ಪ್ರೋಟೀನ್ ಪೂರ್ತಿ ಹಾಗೇ ಇರುತ್ತದೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಸುರಕ್ಷಿತವಲ್ಲ. ಎ2 ಅಂತ ಮಾರುವ ಹಾಲೂ ಅಷ್ಟೇ, ಅದರಲ್ಲಿ ಬೇರೆಯಾಗಿರುವುದು ಒಂದು ಪ್ರೋಟೀನಿನ ಒಂದು ರೂಪ ಮಾತ್ರ. ಆಡಿನ ಹಾಲು, ಕುರಿಯ ಹಾಲು, ಎಮ್ಮೆಯ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಒಂದಕ್ಕೆ ಅಲರ್ಜಿ ಇರುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಇನ್ನೊಂದಕ್ಕೂ ಇರುತ್ತದೆ. ಹಾಲನ್ನು ಚೆನ್ನಾಗಿ ಕುದಿಸಿದರೆ ಅಲರ್ಜಿ ಹೋಗುತ್ತದೆ ಅನ್ನುವುದೂ ಸುಳ್ಳು. ಕುದಿಸುವುದು ರೋಗಾಣು ಕೊಲ್ಲಲು. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಇರುವ ಕೇಸೀನ್ ಆ ಶಾಖಕ್ಕೆ ಜಗ್ಗುವುದಿಲ್ಲ.

ಈಗ ಗಟ್ಟಿ ಮಲ. ನಿಮ್ಮ ಪಟ್ಟಿಯಲ್ಲಿ ಹಾಲಿನಿಂದಲೇ ಆಗಿರುವುದು ಇದೊಂದೇ ಅನ್ನಿಸುತ್ತದೆ, ಅದೂ ಅಲರ್ಜಿಯಿಂದಲ್ಲ. ಫಾರ್ಮುಲಾದಲ್ಲಿ ಸಾಮಾನ್ಯವಾಗಿ ಬೇಗ ಅರಗುವ ವೇ ಪ್ರೋಟೀನಿನ ಪಾಲು ಹೆಚ್ಚು. ಹಸುವಿನ ಹಾಲಿನಲ್ಲಿ ಹೊಟ್ಟೆಯೊಳಗೆ ಗಟ್ಟಿ ಮೊಸರಾಗುವ ಕೇಸೀನಿನ ಪಾಲು ಹೆಚ್ಚು, ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಹೆಚ್ಚು. ಬದಲಿಸಿದ ಮೊದಲ ವಾರ ಎರಡು ವಾರ ಮಲ ಗಟ್ಟಿಯಾಗುವುದು, ಬಣ್ಣ ತಿಳಿಯಾಗುವುದು ಮಾಮೂಲು. ಆದರೆ ನಿಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಕಾರಣ ಆ 750 ಮಿ.ಲೀ. ಅಷ್ಟು ಹಾಲಿನಲ್ಲಿ 450ರಿಂದ 500 ಕ್ಯಾಲೊರಿ ಇದೆ. ಈ ವಯಸ್ಸಿನ ಮಗುವಿಗೆ ದಿನವಿಡೀ ಬೇಕಾಗುವುದು ಸುಮಾರು 900ರಿಂದ 1,000. ಮೇಲೆ ಎರಡು ಹೊತ್ತು ಎದೆಹಾಲು. ಅರ್ಧಕ್ಕಿಂತ ಹೆಚ್ಚು ಹೊಟ್ಟೆ ನಾರೇ ಇಲ್ಲದ ದ್ರವದಿಂದ ತುಂಬಿದ ಮೇಲೆ ಊಟಕ್ಕೆ ಜಾಗವೆಲ್ಲಿ? ಅವಳು ಊಟ ಕಡಿಮೆ ಮಾಡಿದ್ದು ಹಟದಿಂದಲ್ಲ, ಹಸಿವಿಲ್ಲದೆ.

ಅಳತೆ ಇಳಿಸಿ ಅಂದದ್ದು ಅದಕ್ಕೇ. ಎದೆಹಾಲು ನಡೆಯುತ್ತಿರುವುದರಿಂದ ಅವಳಿಗೆ ದಿನಕ್ಕೆ 300ರಿಂದ 400 ಮಿ.ಲೀ. ಹಸುವಿನ ಹಾಲು ಧಾರಾಳವಾಯಿತು. ಎದೆಹಾಲು ಇಲ್ಲದ ಮಕ್ಕಳಿಗೂ 500 ಮಿ.ಲೀ. ದಾಟುವುದು ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಮೊಸರು, ಚೀಸ್ ತಿಂದರೆ ಅದೂ ಈ ಲೆಕ್ಕದೊಳಗೇ. ಹಾಲು ಊಟದ ನಂತರ ಇರಲಿ, ಊಟಕ್ಕೆ ಮುಂಚೆ ಬೇಡ. ನಡುವೆ ಬಾಯಾರಿದರೆ ನೀರು. ಸಿಪ್ಪೆ ಸಮೇತ ತುರಿದ ಅಥವಾ ಬೇಯಿಸಿದ ಹಣ್ಣು, ಪೇರ್, ನೆನೆಸಿದ ಒಣ ಪ್ರೂನ್, ಬೇಳೆಕಾಳು, ತರಕಾರಿ ಒಳಗೆ ಹೋಗಲಿ. ಒಂದೆರಡು ವಾರದಲ್ಲಿ ಮಲ ಮೆತ್ತಗಾಗದಿದ್ದರೆ ಮಲ ಸಡಿಲಿಸುವ ಔಷಧಿ ಬರೆಸಿಕೊಳ್ಳಲು ಸಂಕೋಚಪಡಬೇಡಿ. ನೋವಾಗುತ್ತದೆ ಅಂತ ಮಗು ಒಮ್ಮೆ ತಡೆಹಿಡಿಯಲು ಕಲಿತರೆ ಆ ಅಭ್ಯಾಸ ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಗುದದ ಬಳಿ ಸಣ್ಣ ಸೀಳಾಗಿ ಮಲದ ಹೊರಗೆ ತಾಜಾ ರಕ್ತದ ಗೆರೆ ಕಂಡರೆ ಅದು ಗಟ್ಟಿ ಮಲದ ಗಾಯ ಇರಬಹುದು. ರಕ್ತ ಮಲದೊಳಗೆ ಲೋಳೆಯ ಜೊತೆ ಬೆರೆತಿದ್ದರೆ ಬೇರೆ ಮಾತು, ಆಗ ತೋರಿಸಲೇಬೇಕು.

ಹಾಗಂತ ಮಲಬದ್ಧತೆಗೂ ಹಾಲಿನ ಪ್ರೋಟೀನಿಗೂ ನಂಟೇ ಇಲ್ಲವೆಂದಲ್ಲ. 1998ರಲ್ಲಿ ಇಟಲಿಯ ವೈದ್ಯರು ಔಷಧಿಗೂ ಬಗ್ಗದ ಹಳೆಯ ಮಲಬದ್ಧತೆ ಇದ್ದ 65 ಮಕ್ಕಳಿಗೆ ಸ್ವಲ್ಪ ಕಾಲ ಹಸುವಿನ ಹಾಲು, ಸ್ವಲ್ಪ ಕಾಲ ಸೋಯಾ ಹಾಲು ಕೊಟ್ಟು ನೋಡಿದರು. ಸೋಯಾ ಕುಡಿಯುವಾಗ 44 ಮಕ್ಕಳಿಗೆ ಗುಣ ಕಂಡಿತು. ಆದರೆ ಅವರೆಲ್ಲ ವಿಶೇಷ ಚಿಕಿತ್ಸೆಗೆಂದು ದೊಡ್ಡಾಸ್ಪತ್ರೆಗೆ ಬಂದಿದ್ದ, ಬಹಳ ಕಾಲದಿಂದ ನರಳಿದ್ದ ಮಕ್ಕಳು. ಆ ಫಲಿತಾಂಶವನ್ನು ಹತ್ತು ದಿನದ ಗಟ್ಟಿ ಮಲಕ್ಕೆ ಹೊಂದಿಸಲು ಬರುವುದಿಲ್ಲ. ಅಳತೆ ಇಳಿಸಿ, ನಾರು ಹೆಚ್ಚಿಸಿ, ಔಷಧಿ ಕೊಟ್ಟೂ ತಿಂಗಳುಗಟ್ಟಲೆ ಬಗ್ಗದಿದ್ದರೆ ಆಗ ವೈದ್ಯರ ನಿಗಾದಲ್ಲಿ ಎರಡರಿಂದ ನಾಲ್ಕು ವಾರ ಹಾಲು ಬಿಡಿಸಿ ನೋಡುವುದು ನ್ಯಾಯ.

ಹೆಚ್ಚು ಹಾಲಿನ ಇನ್ನೊಂದು ಪರಿಣಾಮ ಇದೆ, ಅದು ಸದ್ದು ಮಾಡುವುದಿಲ್ಲ. ಅಲರ್ಜಿಗೆ ಹೆದರಿ ಬರುವವರಿಗಿಂತ ಇದಕ್ಕೆ ಹೆದರದೆ ಬರುವವರನ್ನು ಕಂಡರೆ ನನಗೆ ಹೆಚ್ಚು ಆತಂಕ. ಒಂದೂವರೆ ವರ್ಷದ ಹುಡುಗ, ದುಂಡಗಿದ್ದಾನೆ, ತೂಕ ವಯಸ್ಸಿಗೆ ಮೀರಿಯೇ ಇದೆ. 'ಊಟ ಸೇರಲ್ಲ ಡಾಕ್ಟ್ರೇ, ಆದ್ರೆ ಹಾಲು ಮಾತ್ರ ಲೀಟರ್ ಕುಡೀತಾನೆ' ಅಂತ ತಾಯಿ ಸಮಾಧಾನದಲ್ಲೇ ಹೇಳುತ್ತಾರೆ. ಕೈಯಲ್ಲಿ ಬಾಟಲಿ. ಅಂಗೈ ತೆರೆದು ನೋಡಿದರೆ ಗೆರೆಗಳಲ್ಲೂ ಕೆಂಪಿಲ್ಲ. ಕೆಳ ರೆಪ್ಪೆ ಎಳೆದರೆ ಬಿಳಿ. ನಾನು ಬರೆಯುತ್ತಿರುವಾಗಲೇ ಮೇಜಿನ ಮೇಲಿನ ಕಾಗದದ ಅಂಚು ಹರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಗೋಡೆಯ ಸುಣ್ಣವನ್ನೂ ಕೆರೆದು ತಿನ್ನುತ್ತಾನಂತೆ. ರಕ್ತ ನೋಡುವ ಮೊದಲೇ ಉತ್ತರ ಗೊತ್ತಾಗಿರುತ್ತದೆ: ಕಬ್ಬಿಣಾಂಶ ಬರಿದಾಗಿದೆ. ಇಂಥ ಮಕ್ಕಳು ಬಡಕಲಾಗಿರುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ಅರ್ಧ ಮಿಲಿಗ್ರಾಂ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಮಗುವಿನ ಆಹಾರದಲ್ಲಿ ದಿನಕ್ಕೆ ಇರಬೇಕಾದದ್ದು 7 ಮಿಲಿಗ್ರಾಂ ಆಸುಪಾಸು. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ, ಕೇಸೀನ್ ಎರಡೂ ಬೇರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಅಡ್ಡಬರುತ್ತವೆ. ಒಂದು ವರ್ಷದೊಳಗೆ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಬೇಡಿ ಅನ್ನುವುದಕ್ಕೆ ದೊಡ್ಡ ಕಾರಣ ಇದೇ. ಜೊತೆಗೆ ಎಳೆ ಕರುಳಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿಸಬಹುದು. ಅದರ ಪ್ರೋಟೀನ್ ಎದೆಹಾಲಿನ ಮೂರು ಪಟ್ಟು, ಲವಣವೂ ಹೆಚ್ಚು, ಎಳೆ ಮೂತ್ರಪಿಂಡಕ್ಕೆ ಭಾರ. ಅಡುಗೆಯಲ್ಲಿ ಬೆರೆಸಿದ ಸ್ವಲ್ಪ ಹಾಲಿಗೆ, ಮೊಸರಿಗೆ ಈ ಆಕ್ಷೇಪ ಇಲ್ಲ, ಅವನ್ನು ಆರು ತಿಂಗಳ ನಂತರ ಕೊಡಬಹುದು. ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಗಮನಿಸಿ: ಫಾರ್ಮುಲಾದಲ್ಲಿ ಕಬ್ಬಿಣಾಂಶ ಸೇರಿಸಿರುತ್ತಾರೆ, ಹಸುವಿನ ಹಾಲಿನಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಅದನ್ನು ನಿಲ್ಲಿಸಿದ ದಿನದಿಂದ ಆ ಪಾಲು ಊಟದಿಂದಲೇ ಬರಬೇಕು. ಮಾಂಸ, ಮೀನು, ಮೊಟ್ಟೆ ತಿನ್ನುವ ಮನೆಯಾದರೆ ಅವು. ಇಲ್ಲವಾದರೆ ಬೇಳೆಕಾಳು, ಸೊಪ್ಪು, ಜೊತೆಗೆ ಅದೇ ಊಟದಲ್ಲಿ ಹುಳಿ ಹಣ್ಣೋ ಟೊಮೆಟೊವೋ, ಸಿ ವಿಟಮಿನ್ ಇದ್ದರೆ ಗಿಡಮೂಲದ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಕಬ್ಬಿಣಾಂಶದ ಹನಿ ಕೊಡುತ್ತಿದ್ದರೆ ಹಾಲಿನ ಜೊತೆ ಕೊಡಬೇಡಿ.

ಅತ್ತೆಯವರ ನೀರಿನ ಸಲಹೆ ಹಳೆಯದು. ಒಂದು ಕಾಲಕ್ಕೆ ತಿಂಗಳ ಕೂಸಿಗೂ ಹಸುವಿನ ಹಾಲೇ ಗತಿಯಾಗಿದ್ದಾಗ ಅದಕ್ಕೊಂದು ಅರ್ಥ ಇತ್ತು. ಆ ದಟ್ಟ ಹಾಲನ್ನು ಕೂಸಿನ ಮೂತ್ರಪಿಂಡಕ್ಕೆ ಹಗುರ ಮಾಡುವ ಉಪಾಯ ಅದು. ವರ್ಷ ತುಂಬಿದ ಮಗುವಿಗೆ ಬೇಡ. ನೀರು ಬೆರೆಸಿದರೆ ಹೊಟ್ಟೆ ಅಷ್ಟೇ ತುಂಬುತ್ತದೆ, ಸಿಗುವ ಕೊಬ್ಬು, ಪ್ರೋಟೀನ್ ಅರ್ಧ. ನೀರನ್ನು ಬೇರೆ ಲೋಟದಲ್ಲಿ ಕೊಡಿ. ಸಕ್ಕರೆಯೂ ಬೇಡ. ಎರಡು ವರ್ಷದವರೆಗೆ ಕೆನೆ ತೆಗೆಯದ ಹಾಲೇ ಇರಲಿ, ಮಿದುಳು ಬೆಳೆಯುವ ಈ ಹೊತ್ತಿನಲ್ಲಿ ಕೊಬ್ಬು ಬೇಕು. ಪಾಶ್ಚರೀಕರಿಸಿದ್ದು ಅಥವಾ ಚೆನ್ನಾಗಿ ಕುದಿಸಿದ್ದು, ಇವೆರಡರಲ್ಲಿ ಒಂದಾಗಿರಲೇಬೇಕು. ಹಸಿ ಹಾಲು ಯಾರು ಎಷ್ಟೇ ಹೊಗಳಿದರೂ ಮಗುವಿಗೆ ಕೊಡಬೇಡಿ, ಬ್ರುಸೆಲ್ಲೋಸಿಸ್, ಕ್ಷಯ, ಇ. ಕೋಲಿ ಬರುವ ದಾರಿ ಅದು.

ಬಾಟಲಿ ಬಿಡಿಸಿ, ಲೋಟಕ್ಕೆ ಬನ್ನಿ. ಬಾಟಲಿಯಲ್ಲಿ ಕೊಟ್ಟಷ್ಟು ದಿನ ಅಳತೆ ಇಳಿಯುವುದಿಲ್ಲ, ಏಕೆಂದರೆ ಮಗು ಹಸಿವಿಗೆ ಕುಡಿಯುವುದಕ್ಕಿಂತ ಚೀಪುವ ಸುಖಕ್ಕೆ ಕುಡಿಯುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಬಾಟಲಿ ಮನೆಯಲ್ಲೇ ಇರದಿದ್ದರೆ ಒಳ್ಳೆಯದು. ಮಲಗಿ ಬಾಟಲಿ ಚೀಪುತ್ತಾ ನಿದ್ದೆ ಹೋಗುವ ಮಕ್ಕಳ ಮೇಲಿನ ಮುಂಹಲ್ಲು ಮೊದಲು ಹುಳುಕಾಗುತ್ತವೆ. ಹಗಲಿನ ಮೂರು ಬಾಟಲಿಯಲ್ಲಿ ಮೊದಲು ನಡುವಿನದನ್ನು ತೆಗೆದುಹಾಕಿ, ಆ ಹೊತ್ತಿಗೆ ತಿಂಡಿ ಕೊಡಿ. ಉಳಿದೆರಡನ್ನು ಸಣ್ಣ ಲೋಟದಲ್ಲಿ, 150 ಮಿ.ಲೀ.ನಂತೆ. ಎರಡು ದಿನ ಗಲಾಟೆ ಮಾಡುತ್ತಾಳೆ. ಮಾಡಲಿ. ಲೋಟದ ಹಾಲು ಪೂರ್ತಿ ಬೇಡವೆಂದರೂ ಪರವಾಗಿಲ್ಲ, ಎದೆಹಾಲು, ಮೊಸರು, ಊಟ ಸರಿಯಾಗಿದ್ದರೆ ಹಸುವಿನ ಹಾಲು ಕುಡಿಯಲೇಬೇಕೆಂಬ ಕಡ್ಡಾಯ ಯಾವ ಮಗುವಿಗೂ ಇಲ್ಲ. ಎದೆಹಾಲನ್ನು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಬರೀ ಎದೆಹಾಲು ಕುಡಿದು ಬೆಳೆದು, ಹಾಲಿನ ಪದಾರ್ಥ ಒಂದೂ ಮುಟ್ಟದ ಮಗುವಿಗೆ ಮೊದಲ ಸಲ ಕೊಡುವವರು ಸ್ವಲ್ಪ ಬೇರೆ ರೀತಿ ಮಾಡಬೇಕು. ಮಗು ಆರೋಗ್ಯವಾಗಿರುವ ದಿನ, ಬೆಳಗಿನ ಹೊತ್ತು, ಒಂದೆರಡು ಚಮಚ. ಮುಂದಿನ ಎರಡು ಗಂಟೆ ಮಲಗಿಸದೆ ಕಣ್ಣೆದುರೇ ಇಟ್ಟುಕೊಳ್ಳಿ. ಏನೂ ಆಗದಿದ್ದರೆ ಮರುದಿನದಿಂದ ಹೆಚ್ಚಿಸುತ್ತ ಹೋಗಿ. ಅದೇ ದಿನ ಬೇರೆ ಹೊಸ ಆಹಾರ ಶುರು ಮಾಡಬೇಡಿ, ಏನಾದರೂ ಆದರೆ ಯಾವುದರಿಂದ ಅಂತ ಗೊತ್ತಾಗದೆ ಹೋಗುತ್ತದೆ. ತೀವ್ರ ಎಕ್ಸಿಮಾ ಇರುವ ಮಗು, ಮೊದಲೇ ಯಾವುದೋ ಆಹಾರಕ್ಕೆ ಗಂಧೆ ಎದ್ದ ಮಗು ಆಗಿದ್ದರೆ ಕೊಡುವ ಮೊದಲೇ ವೈದ್ಯರನ್ನು ಕೇಳಿ. ಫಾರ್ಮುಲಾದಿಂದ ಬದಲಿಸುವಾಗ ರುಚಿಗೆ ಹೊಂದಿಕೊಳ್ಳಲೆಂದು ಎರಡನ್ನೂ ಬೆರೆಸಿ ಕೊಡುವುದುಂಟು, ತಪ್ಪಿಲ್ಲ. ಆದರೆ ಪುಡಿಯನ್ನು ಹೇಳಿದಷ್ಟು ನೀರಿನಲ್ಲೇ ಕಲಸಿ, ಆಮೇಲೆ ಹಾಲು ಸೇರಿಸಬೇಕು. ನೀರಿನ ಬದಲು ಹಾಲಿನಲ್ಲೇ ಪುಡಿ ಕಲಸುವವರನ್ನು ನೋಡಿದ್ದೇನೆ, ಅದು ಮಗುವಿಗೆ ಮಿತಿಮೀರಿದ ಗಟ್ಟಿ.

ಅಲರ್ಜಿ ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ತಕ್ಷಣದ ಬಗೆಯ ಅನುಮಾನ ಬಲವಾಗಿದ್ದಾಗ ಚರ್ಮದ ಪರೀಕ್ಷೆ, ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ಅಳೆಯುವ ಐಜಿಇ ಪರೀಕ್ಷೆ ಉಪಯೋಗಕ್ಕೆ ಬರುತ್ತವೆ. ಅನುಮಾನವೇ ಇಲ್ಲದೆ 'ಒಮ್ಮೆ ನೋಡೋಣ' ಅಂತ ಮಾಡಿಸಿದರೆ ತೊಂದರೆ ಹೆಚ್ಚು, ಏಕೆಂದರೆ ಹಾಲು ಆರಾಮಾಗಿ ಕುಡಿಯುವ ಎಷ್ಟೋ ಮಕ್ಕಳಲ್ಲಿ ಈ ಪರೀಕ್ಷೆ ಪಾಸಿಟಿವ್ ಬರುತ್ತದೆ. ಆ ಕಾಗದ ನೋಡಿ ಹಾಲು, ಮೊಸರು ಎಲ್ಲ ನಿಲ್ಲಿಸಿ, ಮಗು ಸೊರಗಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಎಕ್ಸಿಮಾ ಇರುವ ಕೆಲವು ಮಕ್ಕಳಲ್ಲಿ ಹೀಗೆ ಸುಮ್ಮನೆ ನಿಲ್ಲಿಸಿ ತಿಂಗಳ ಮೇಲೆ ಮತ್ತೆ ಕೊಟ್ಟಾಗ, ಅದುವರೆಗೂ ಇರದಿದ್ದ ತಕ್ಷಣದ ಅಲರ್ಜಿ ಬಂದದ್ದೂ ಇದೆ. ನಿಧಾನದ ಬಗೆಗೆ ರಕ್ತಪರೀಕ್ಷೆಯೇ ಇಲ್ಲ. ಕೆಲವು ವಾರ ಹಾಲು ಬಿಡಿಸಿ, ಗುಣ ಕಂಡರೆ ಮತ್ತೆ ಕೊಟ್ಟು ತೊಂದರೆ ಮರಳುತ್ತದೆಯೇ ನೋಡುವುದೇ ಪರೀಕ್ಷೆ. ಈ ಎರಡನೇ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಹಾಗಾಗಿ ಇಲ್ಲದ ಅಲರ್ಜಿ ವರ್ಷಗಟ್ಟಲೆ ಮಗುವಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಎಷ್ಟೋ ಆಹಾರಗಳ ಪಟ್ಟಿ ಕೊಡುವ ಐಜಿಜಿ ಅನ್ನುವ ಇನ್ನೊಂದು ಪ್ರತಿಕಾಯದ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ಮಗು ಏನು ತಿಂದಿದೆ ಅನ್ನುವುದನ್ನು ಹೇಳುತ್ತದೆ, ಏನು ಒಗ್ಗುವುದಿಲ್ಲ ಅನ್ನುವುದನ್ನಲ್ಲ.

ಅಲರ್ಜಿ ಖಚಿತವಾದ ಮಕ್ಕಳ ತಂದೆತಾಯಿಯರಿಗೆ ಎರಡು ಮಾತು. ವರ್ಷ ದಾಟಿದ ಮೇಲೆ ಕ್ಯಾಲ್ಸಿಯಂ ಸೇರಿಸಿದ, ಸಿಹಿ ಹಾಕದ ಸೋಯಾ ಪಾನೀಯ ಪ್ರೋಟೀನಿನ ಲೆಕ್ಕದಲ್ಲಿ ಹಾಲಿಗೆ ಹತ್ತಿರ, ಸೋಯಾಗೆ ಅಲರ್ಜಿ ಇಲ್ಲದಿದ್ದರೆ. ಬಾದಾಮಿ, ತೆಂಗು, ಅಕ್ಕಿಯ ಪಾನೀಯಗಳಲ್ಲಿ ಪ್ರೋಟೀನ್ ನೆಪಕ್ಕೆ ಮಾತ್ರ, ಅವನ್ನು ಹಾಲಿನ ಬದಲಿ ಅಂದುಕೊಳ್ಳಬೇಡಿ. ಅಕ್ಕಿಯದನ್ನಂತೂ ಆರ್ಸೆನಿಕ್ ಕಾರಣಕ್ಕೆ ಐದು ವರ್ಷದೊಳಗೆ ಕೊಡಬೇಡಿ ಅನ್ನುತ್ತದೆ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ. ಹೆಚ್ಚಿನ ಮಕ್ಕಳಲ್ಲಿ ಈ ಅಲರ್ಜಿ ಬೆಳೆಯುತ್ತ ಬಿಟ್ಟುಹೋಗುತ್ತದೆ, ನಿಧಾನದ ಬಗೆ ಬೇಗ, ತಕ್ಷಣದ ಬಗೆ ತಡವಾಗಿ. ಹಿಟ್ಟಿನ ಜೊತೆ ಸುಮಾರು 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದ ಕೇಕ್, ಬಿಸ್ಕತ್ತಿನಲ್ಲಿರುವ ಹಾಲು ಬಹುಪಾಲು ಮಕ್ಕಳಿಗೆ ಮೊದಲು ಒಗ್ಗುತ್ತದೆ. ಆದರೆ ಅದನ್ನು ಯಾವಾಗ, ಎಲ್ಲಿ ಪರೀಕ್ಷಿಸಬೇಕು ಅನ್ನುವುದನ್ನು ವೈದ್ಯರೇ ತೀರ್ಮಾನಿಸಲಿ. ಉಸಿರಿನ ತೊಂದರೆ ಆಗಿದ್ದ ಮಗುವಿಗೆ ಮನೆಯಲ್ಲಿ ಪ್ರಯೋಗ ಬೇಡವೇ ಬೇಡ.

ನಿಮ್ಮ ಮಗಳಿಗೆ ಎರಡು ವಾರ ಕೊಡಿ. ಮಲ ಮೆತ್ತಗಾಗಿ, ಊಟ ಹಳೆಯ ದಾರಿಗೆ ಬಂದರೆ ಹಾಲಿನ ಮೇಲಿನ ಕೇಸು ಖುಲಾಸೆ. ಆದರೂ ಮುಂದಿನ ಲಸಿಕೆಗೆ ಹೋದಾಗ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ) ನೋಡಬೇಕೇ ಅಂತ ಕೇಳಿಕೊಳ್ಳಿ, ಊಟ ಕಡಿಮೆಯಾಗಿ ಫಾರ್ಮುಲಾವೂ ನಿಂತಿರುವುದರಿಂದ. ಎರಡು ವಾರದೊಳಗೆ ಗಂಧೆ ಎದ್ದರೆ, ಹಾಲಿನ ನಂತರ ಅದೇ ಹೊತ್ತಿಗೆ ಮತ್ತೆ ವಾಂತಿಯಾದರೆ, ಮಲದಲ್ಲಿ ಲೋಳೆ ರಕ್ತ ಕಂಡರೆ ಕಾಯದೆ ಹೋಗಿ. ಹೋಗುವಾಗ ಏನು ಕುಡಿದಳು, ಎಷ್ಟು, ಎಷ್ಟು ಗಂಟೆಗೆ, ಏನು ಎಷ್ಟು ಗಂಟೆಗೆ ಕಾಣಿಸಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಆ ಡೈಪರನ್ನೂ ಕವರಿನಲ್ಲಿ ಕಟ್ಟಿ ತೆಗೆದುಕೊಂಡು ಹೋಗಿ. ಡಾಕ್ಟರು ಬೇಡ ಅನ್ನುವುದಿಲ್ಲ.